ಎರಡು ಪದ, ನಾಲ್ಕು ಗೋಡೆ

ನರ್ಸಮ್ಮ ಚೀಟಿಯಲ್ಲಿ ಬರೆದುಕೊಟ್ಟಿದ್ದು ಎರಡೇ ಪದ: ಯೇಸು ಅತ್ತನು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬೇರೇನೂ ಇರಲಿಲ್ಲ.

"ಇಷ್ಟೇ ಏನ್ರೀ?" ಅಂದೆ.

"ಇಷ್ಟೇ. ಬೈಬಲಿನ ಸುವಾರ್ತೆಯೊಳಗೆ ಈ ಎರಡು ಪದಾನೇ ಒಂದು ಪೂರ್ತಿ ವಚನ. ಕೂತ್ಕೊಳ್ರಿ, ಅರ್ಥ ಹೇಳ್ತೀನಿ."

"ಅರ್ಥ ಇರ್ಲಿ ಬಿಡ್ರಿ, ಗೋಡೆ ಅಳತೆ ಹೇಳ್ರಿ," ಅಂದುಬಿಟ್ಟೆ.

ಆಗ ನನಗೆ ಮೂವತ್ತರ ಆಸುಪಾಸು. ಚನ್ನಗಿರಿಯಲ್ಲಿ ಬೋರ್ಡು ಬರೆಯುವ ಅಂಗಡಿ ಇಟ್ಟಿದ್ದೆ. ಓದಿದ್ದು ಐದನೇ ಕ್ಲಾಸು. ಆದರೆ ಬಿ.ಎ. ಮಾಡಿದವರು, ವಕೀಲರು, ಡಾಕ್ಟರು ತಮ್ಮ ಹೆಸರು ಬರೆಸಲು ನನ್ನ ಬಾಗಿಲಿಗೇ ಬರುತ್ತಿದ್ದರು. ನನ್ನ ಅಕ್ಷರವನ್ನು ಓಡುವ ಬಸ್ಸಿನಿಂದಲೂ ಓದಬಹುದಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಇತ್ತು ಅನ್ನುವುದನ್ನು ಹೇಳಲೇಬೇಕಾದ್ದರಿಂದ ಹೇಳುತ್ತಿದ್ದೇನೆ. ಯಾರಾದರೂ 'ಕೂತ್ಕೋ, ಅರ್ಥ ಹೇಳ್ತೀನಿ' ಅಂದರೆ ನನಗೆ ಮತ್ತೆ ಶಾಲೆಯ ಚಾಪೆ ಮೇಲೆ ಕೂರಿಸಿದ ಹಾಗೆ ಮೈ ಉರಿಯುತ್ತಿತ್ತು.

ನರ್ಸಮ್ಮ ಕ್ರೈಸ್ತರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಜಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದರು. ನಾಲ್ಕೂ ಊರಲ್ಲಿ ಒಂದೊಂದು ಗೋಡೆ ಅವರೇ ಗೊತ್ತು ಮಾಡಿದ್ದರು. ಗೋಡೆಯ ಯಜಮಾನರೆಲ್ಲ ವಿಭೂತಿ ಹಚ್ಚುವ ಮನೆಯವರು. ಆದರೂ ಒಬ್ಬರೂ ಇಲ್ಲ ಅಂದಿರಲಿಲ್ಲ. ಆ ಮನೆಗಳ ಮಕ್ಕಳು ಹುಟ್ಟಿದ್ದು ಈಕೆಯ ಕೈಯಲ್ಲಿ. ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಎರಡು ಪದ ಬರೆಯುವುದು ಸಸಾರ ಅಂತ ಜನ ತಿಳಿಯುತ್ತಾರೆ. ಹಂಗಲ್ಲ. ಹತ್ತು ಸಾಲಿನ ಜಾಹೀರಾತಿನಲ್ಲಿ ಒಂದು ಅಕ್ಷರ ಸೊಟ್ಟಗಾದರೆ ಅಕ್ಕಪಕ್ಕದವು ಮುಚ್ಚಿಹಾಕುತ್ತವೆ. ಹದಿನೆಂಟು ಅಡಿ ಗೋಡೆಗೆ ಎರಡೇ ಪದ ಅಂದರೆ ತಪ್ಪಿಗೆ ಅಡಗಲು ಜಾಗವೇ ಇಲ್ಲ. ಮೊದಲು ಗೋಡೆ ಕೆರೆದು, ಸುಣ್ಣ ಎರಡು ಸಲ ಬಳಿದು ಒಣಗಿಸಬೇಕು. ದಾರಕ್ಕೆ ನೀಲಿಪುಡಿ ಹಚ್ಚಿ, ಎರಡು ತುದಿಗೆ ಮೊಳೆ ಹೊಡೆದು ಬಿಗಿದು, ನಡುವೆ ಎಳೆದು ಬಿಟ್ಟರೆ ಗೋಡೆ ಮೇಲೆ ಗೆರೆ ಬೀಳುತ್ತದೆ. ಮೇಲೊಂದು ಗೆರೆ, ಕೆಳಗೊಂದು ಗೆರೆ, ಒತ್ತಕ್ಷರಕ್ಕೆ ಇನ್ನೊಂದು. ಆಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಮೂಡಿಸಿ, ರಸ್ತೆಯ ಆಚೆ ಹೋಗಿ ನಿಂತು ನೋಡಿ, ಒರೆಸಿ, ಮತ್ತೆ ಮೂಡಿಸಿ, ಕಡೆಗೆ ಬಣ್ಣ.

ಚನ್ನಗಿರಿಯ ಗೋಡೆ ಒಂದು ಸೈಕಲ್ ಅಂಗಡಿಯದು. ಎದುರಿಗೇ ಟೀ ಅಂಗಡಿ. ಮೊದಲ ಪದ ಮುಗಿಸಿ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ನಾಲ್ಕೈದು ಜನ ಗ್ಲಾಸು ಹಿಡಿದು ಹಿಂದೆ ಬಂದು ನಿಂತರು.

"ಪೇಂಟರ್ರೇ, ನಮ್ಮ ಶಿವ ಕುಣೀತಾನೆ, ಸಿಟ್ಟು ಬಂದ್ರೆ ಮೂರನೇ ಕಣ್ಣು ಬಿಡ್ತಾನೆ. ಈಯಪ್ಪ ಯಾಕ್ರೀ ಅತ್ತ?" ಒಬ್ಬ ಕೇಳಿದ.

"ಮನ್ಯಾಗೆ ಬೈದಿರ್ಬೇಕು ಬಿಡ್ರೋ," ಇನ್ನೊಬ್ಬ ಅಂದ.

"ಅವ್ನಿಗೆ ಮದುವೇನೇ ಆಗಿರ್ಲಿಲ್ವಂತಲ್ಲೋ."

"ಹಂಗಾರೆ ಅದಕ್ಕೇ ಅತ್ತಿರ್ಬೇಕು!"

ಎಲ್ಲರೂ ನಕ್ಕು ನನ್ನ ಮುಖ ನೋಡಿದರು. ಬರೆಯುವವನಿಗೆ ಅರ್ಥ ಗೊತ್ತಿರುತ್ತದೆ ಅಂತ ನಮ್ಮ ಕಡೆ ಜನರ ನಂಬಿಕೆ. ಗೊತ್ತಿಲ್ಲ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

"ಜನ ಮಾಡೋ ತಪ್ಪು ನೋಡಿ ಅತ್ತ," ಅಂದೆ.

"ಹೌದು ಬಿಡ್ರಿ," ಸೈಕಲ್ ಅಂಗಡಿಯವರು ಅಂದರು. "ಈ ಊರು ನೋಡಿದ್ರೆ ಯಾರಿಗಾದ್ರೂ ಅಳು ಬರ್ತತೆ."

ಅಲ್ಲಿಗೆ ಮುಗಿಯಿತು. ಉತ್ತರ ಸಲೀಸಾಗಿ ಬಿಕರಿಯಾಯಿತು ಅಂತ ನನಗೂ ಖುಷಿ.

ಹೊನ್ನಾಳಿಯ ಗೋಡೆ ಕಾಟ ಕೊಟ್ಟಿತು. ಹೊಳೆಗೆ ಇಳಿಯುವ ಬೀದಿಯ ಹಳೇ ಮನೆ. ಗೋಡೆ ಕೆಳಗಿನಿಂದ ತೇವ ಕುಡಿದು ಉಪ್ಪು ಉಗುಳುತ್ತಿತ್ತು. ಬಳಿದ ಸುಣ್ಣ ಬೆಳಗಾಗುವುದರೊಳಗೆ ಹಪ್ಪಳದ ಹಾಗೆ ಎದ್ದು ಬಂತು. ಮತ್ತೆ ಕೆರೆದೆ, ಮೊಣಕಾಲೆತ್ತರದವರೆಗೆ ಗಾರೆ ಕಿತ್ತು ಸಿಮೆಂಟು ಹಾಕಿದೆ. ಬರಹವನ್ನು ಒಂದೂವರೆ ಅಡಿ ಮೇಲಕ್ಕೆ ಎತ್ತಿದೆ. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ನಿಂತರೆ ಕೇಳುವವರೂ ಜಾಸ್ತಿ. ಬಟ್ಟೆ ಒಗೆದು ಬರುವವರು, ಸಾಸ್ವೆಹಳ್ಳಿ ಕಡೆಗೆ ಬಸ್ಸು ಕಾಯುವವರು, ಎಲ್ಲರದೂ ಒಂದೇ ಪ್ರಶ್ನೆ. ಹೇಳಿದ್ದನ್ನೇ ಹೇಳಿ ನನಗೇ ಬೇಜಾರಾಗಿ ಉತ್ತರಕ್ಕೆ ಸ್ವಲ್ಪ ಬಣ್ಣ ಕಟ್ಟಿದೆ. ಯಾವ ಮನೆಯಲ್ಲಿ ತಪ್ಪು ನಡೆಯುತ್ತದೋ ಆ ಮನೆ ನೋಡಿ ದೇವರು ಅಳುತ್ತಾನೆ. ಅವನ ಕಣ್ಣೀರು ಬಿದ್ದ ಮನೆಯಲ್ಲಿ ಒಂದು ನಷ್ಟ ಆಗಿಯೇ ತೀರುತ್ತದೆ, ಅಂತ. ಒಬ್ಬ ಮುದುಕರು ತಲೆ ತೂಗಿ, "ನೀವು ಎಷ್ಟು ಓದೀರಿ?" ಅಂದರು.

"ಬೇಕಾದಷ್ಟು," ಅಂದೆ.

ಇಂಥ ಮಾತನ್ನು ಜನ ತಲೆ ಬಾಗಿಸಿ ಕೇಳುವುದು ನನಗೆ ಹೊಸದು. ರುಚಿ ಹತ್ತಿತು.

ನ್ಯಾಮತಿಯಲ್ಲಿ ಗೋಡೆ ಹಿಟ್ಟಿನ ಗಿರಣಿಯದು. ಗೋಡೆ ಗಟ್ಟಿಮುಟ್ಟಾಗಿತ್ತು, ಬಿಸಿಲೂ ಚೆನ್ನಾಗಿತ್ತು. ಬೇಗ ಮುಗಿಸಿ ಹೊರಡೋಣ ಅಂತ ಬಣ್ಣ ಹಚ್ಚಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಅಕ್ಷರಕ್ಕೆಲ್ಲ ಬಿಳಿ ಮೀಸೆ ಬಂದಿತ್ತು! ಗಿರಣಿಯ ಕಿಟಕಿಯಿಂದ ಹಾರಿದ ಹಿಟ್ಟು ಹಸಿ ಬಣ್ಣಕ್ಕೆ ಅಂಟಿ ಕೂತಿತ್ತು. ಟರ್ಪೆಂಟೈನ್ ಹಾಕಿ ಒರೆಸಿದರೆ ನೀಲಿ ಬಣ್ಣ ಹರಡಿ ಸುಣ್ಣವೂ ಕೆಟ್ಟಿತು. ಮತ್ತೆ ಮೊದಲಿನಿಂದ.

ಗಿರಣಿಯವರು ವಯಸ್ಸಾದವರು, ರೆಪ್ಪೆ ಮೀಸೆಯೆಲ್ಲ ಹಿಟ್ಟು. "ಕರೆಂಟ್ ಹೋದಾಗ ಬರ್ಕಳ್ರಿ," ಅಂದರು. "ದಿನಾ ಮಧ್ಯಾಹ್ನ ಹೋಗೇ ಹೋಗ್ತತೆ. ಅದೊಂದರಾಗೆ ಸರ್ಕಾರ ಮಾತಿಗೆ ತಪ್ಪಲ್ಲ."

ಮಾರನೇ ದಿನ ಮಧ್ಯಾಹ್ನ ಕರೆಂಟು ಹೋಯಿತು. ಗಿರಣಿ ನಿಂತಿತು, ನಾನು ಏಣಿ ಹತ್ತಿದೆ. ಜೋಳ, ರಾಗಿ ತಂದವರು ಚೀಲ ಸಾಲಿಗಿಟ್ಟು ನೆರಳಲ್ಲಿ ಕೂತರು. ಅವರಲ್ಲಿ ಒಬ್ಬ ಹೆಣ್ಣುಮಗಳು ಮಾತ್ರ ಕೂರದೆ ನನ್ನ ಏಣಿಯ ಬುಡಕ್ಕೆ ಬಂದು ನಿಂತಳು. ಇಪ್ಪತ್ತಾರು ಇಪ್ಪತ್ತೇಳು ಇರಬೇಕು.

"ಅಣ್ಣಾ, ಏನಂತ ಬರ್ದೀರಿ?"

ಹೇಳಿದೆ.

"ದೇವ್ರಾಗಿ ಅತ್ನಾ?"

"ಅತ್ತ."

"ಯಾಕೆ?"

ಕೈಯಲ್ಲಿ ಬ್ರಷ್ಷು, ಅಕ್ಷರದ ತಿರುವು ಅರ್ಧದಲ್ಲಿತ್ತು. ಕೆಳಗೆ ನೋಡದೆ ಹೊನ್ನಾಳಿಯ ಉತ್ತರ ಒಪ್ಪಿಸಿದೆ. ಮನೆಯ ತಪ್ಪು, ದೇವರ ಕಣ್ಣೀರು, ಆಮೇಲೆ ನಷ್ಟ.

"ಎಂಥ ತಪ್ಪಿಗೆ ಹಂಗಾಗ್ತತೆ?" ಅವಳ ದನಿ ಸಣ್ಣಗಾಗಿತ್ತು.

"ಮಾಡೋ ಕೆಲ್ಸ ಹೊತ್ತಿಗೆ ಸರಿಯಾಗಿ ಮಾಡ್ದೆ ಇರೋದು. ಮನೆ ಹೆಂಗಸ್ರು ಎಚ್ಚರ ತಪ್ಪೋದು. ಅದಕ್ಕಿಂತ ದೊಡ್ಡ ತಪ್ಪು ಯಾವ್ದೈತಮ್ಮ?"

ತಿರುವು ಮುಗಿಸಿ ಕೆಳಗೆ ನೋಡುವಷ್ಟರಲ್ಲಿ ರಸ್ತೆಯ ಆಚೆ ಹೋಗಿದ್ದಳು. ಜೋಳದ ಚೀಲ ಸಾಲಿನಲ್ಲೇ ಇತ್ತು.

ಗಿರಣಿಯವರು ನನ್ನ ಹತ್ತಿರ ಬಂದರು. ಬಯ್ಯಲಿಲ್ಲ. "ಆಕೆ ಮಗಳು ತೀರ್ಕಂಡು ಮೂರು ತಿಂಗಳಾತ್ರೀ. ಆರು ವರ್ಷದ ಕೂಸು, ಜ್ವರ. ಆಸ್ಪತ್ರೆಗೆ ಒಂದಿನ ತಡ ಮಾಡಿ ಒಯ್ದ್ರು. ಆಕೆದೇ ಬೇಜವಾಬ್ದಾರಿ ಅಂತ ಊರೆಲ್ಲ ಅಂತತೆ. ಮನ್ಯಾಗೆ ಅಳಾಕೂ ಬಿಟ್ಟಿಲ್ಲ. ಶಿವನ ಪಾದ ಸೇರಿದ ಕೂಸಿನ್ನ ಅತ್ತು ಹಿಂದಕ್ಕೆ ಎಳೀಬಾರ್ದು ಅಂತ ಅವರತ್ತಿ ಕಟ್ಟುನಿಟ್ಟು. ಇವತ್ತೇ ಮೊದ್ಲು ಹೊರಗೆ ಬಂದಿದ್ಲು."

ನನಗೇನು ಗೊತ್ತಿತ್ತು, ಅಂದೆ. ತಪ್ಪು ತಪ್ಪೇ ಅಲ್ಲವಾ, ಅಂತಲೂ ಅಂದೆ. ಅಂದ ಮೇಲೆ ಕೊನೆಯ ಕೊಂಬನ್ನು ಮೂರು ಸಲ ಒರೆಸಿ ಬರೆದೆ. ಹೇಗೋ ಮುಗಿಸಿ, ಸಂಜೆಯ ಬಸ್ಸಿಗೆ ಕಾಯದೆ ಸಿಕ್ಕಿದ ಲಾರಿ ಹತ್ತಿ ದಾವಣಗೆರೆ ಹಾದಿ ಹಿಡಿದೆ. ಊರು ಬಿಟ್ಟರೆ ಸರಿಹೋಗುತ್ತದೆ ಅಂತ ಅಂದುಕೊಂಡಿದ್ದೆ.

ಸರಿಹೋಗಲಿಲ್ಲ. ಜಗಳೂರಿನಲ್ಲಿ ಮೊದಲ ದಿನ ಸುಣ್ಣ ಬಳಿದೆ, ಎರಡನೇ ದಿನ ಗೆರೆ ಹಾಕಿದೆ. ಗಾಳಿಗೆ ಎದ್ದ ಕೆಂಪು ಧೂಳು ಕಣ್ಣಿಗೆ ಬೀಳುತ್ತಿತ್ತು. ಕೂತಲ್ಲಿ ಕೂರಲಾಗದೆ, ಊಟಕ್ಕೆ ಹೋಗಿ ಅರ್ಧಕ್ಕೇ ಎದ್ದು ಬಂದು, ಅಳೆದ ಅಳತೆಯನ್ನೇ ಮತ್ತೆ ಅಳೆಯುತ್ತಿದ್ದೆ. ಮೂರನೇ ದಿನ ಬೆಳಿಗ್ಗೆ 'ಯೇಸು' ಅಂತ ಬರೆದು ಮುಗಿಸುವ ಹೊತ್ತಿಗೆ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಎತ್ತು ನಿಲ್ಲಿಸಿ, ಮುಂದೆ ಏನು ಬರೀತೀರಿ ಅಂದ. ಹೇಳಿದೆ. ಯಾಕೆ ಅತ್ತ ಅಂದ. ಬಾಯಿ ತಾನಾಗಿಯೇ ಅದೇ ಉತ್ತರ ಶುರು ಮಾಡಿತು. ಅರ್ಧಕ್ಕೆ ನಿಲ್ಲಿಸಿ ಬ್ರಷ್ಷನ್ನು ಡಬ್ಬದೊಳಗೆ ಅದ್ದಿದೆ.

"ಹೇಳ್ರಿ, ಪೂರಾ ಹೇಳ್ರಿ. ನಾನೂ ಕೇಳ್ತೀನಿ," ಅಂತ ಹಿಂದಿನಿಂದ ದನಿ ಬಂತು. ನರ್ಸಮ್ಮ. ಕೈಯಲ್ಲಿ ನನಗೆ ತಂದ ಟೀ ಚೊಂಬು.

ಗಾಡಿಯವನು ಹೋದ. ನರ್ಸಮ್ಮ ಗೋಡೆ ಬುಡದ ಕಲ್ಲಿನ ಮೇಲೆ ಕೂತರು.

"ಇದನ್ನ ನಿಮಗೆ ಹೇಳಿದ್ದು ಯಾರು?"

"ಯಾರೂ ಇಲ್ರೀ. ನಾನೇ."

"ಎಲ್ಲೆಲ್ಲಿ ಹೇಳಿದ್ರಿ?"

"ಎಲ್ಲಾ ಕಡೆ."

ನಾನು ಕೂರದಿದ್ದರೂ ಅವರು ನಿಂತವನಿಗೇ ಹೇಳಿದರು. ಯೇಸುವಿಗೆ ಒಬ್ಬ ಗೆಳೆಯ. ಅವನಿಗೆ ಇಬ್ಬರು ಅಕ್ಕತಂಗಿಯರು. ಗೆಳೆಯನಿಗೆ ಕಾಯಿಲೆ ಜೋರಾಯಿತು, ಅಕ್ಕತಂಗಿಯರು ಹೇಳಿಕಳಿಸಿದರು. ಸುದ್ದಿ ಮುಟ್ಟಿದ ಮೇಲೂ ಯೇಸು ಎರಡು ದಿನ ಇದ್ದಲ್ಲೇ ಇದ್ದ. ಬರುವ ಹೊತ್ತಿಗೆ ಗೆಳೆಯನನ್ನು ಸಮಾಧಿ ಮಾಡಿ ನಾಲ್ಕು ದಿನ. ನೀನು ಇಲ್ಲಿ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಅಂತ ಇಬ್ಬರೂ ಎದುರಿಗೇ ಅಂದರು. ಅವರಲ್ಲಿ ಒಬ್ಬಳ ಅಳು ನೋಡಿ, ಜೊತೆಗೆ ಬಂದವರ ಅಳು ನೋಡಿ ಅವನೂ ಅತ್ತ. ಆಮೇಲೆ ಸಮಾಧಿ ಹತ್ತಿರ ಹೋಗಿ ಸತ್ತವನನ್ನು ಎಬ್ಬಿಸಿದ.

ನಾನು ಬಿಡಲಿಲ್ಲ. "ಎಬ್ಬಿಸ್ತೀನಿ ಅಂತ ಗೊತ್ತಿದ್ದೋನು ಅಳೋದ್ಯಾಕ್ರೀ? ಅದು ನಾಟಕ ಆತು."

"ನಾನೂ ಬಾಳ ವರ್ಷ ಹಂಗೇ ಕೇಳಿದೀನಿ," ಅಂದರು. "ನಂಗೆ ತಿಳಿದದ್ದು ಹೇಳ್ತೀನಿ, ಬೇಕಾದ್ರೆ ಇಟ್ಕಳ್ರಿ. ಎಬ್ಬಿಸೋದು ಆಮೇಲಿನ ಕೆಲ್ಸ. ಎದುರಿಗೆ ಒಬ್ರು ಅಳ್ತಾ ನಿಂತಾಗ ಅವರ ಕೂಡ ಅಳೋದು ಮೊದಲ್ನೇದು. ತಪ್ಪು ಯಾರದು ಅಂತ ಅವನು ಕೇಳ್ಲಿಲ್ಲ. ತಡ ಮಾಡಿದ್ದು ತಾನೇ. ಅದಕ್ಕೆ ಸಬೂಬೂ ಹೇಳ್ಲಿಲ್ಲ." ಚೊಂಬನ್ನು ಕೆಳಗಿಟ್ಟರು. "ಮೂವತ್ತು ವರ್ಷ ವಾರ್ಡಿನಾಗೆ ಕೂಸು ಕಳ್ಕಂಡ ಹೆಣ್ಣುಮಕ್ಕಳಿಗೆ, ಬಾಯಿ ಮುಚ್ಚು, ಪಕ್ಕದ ಬಾಣಂತಿ ಹೆದರ್ತಾಳೆ ಅಂದೆ. ನಾಲ್ಕು ಊರಾಗೆ ಅಂದೆ. ಅದಕ್ಕೇ ನಾಲ್ಕು ಗೋಡೆ."

ಆಗ ನ್ಯಾಮತಿಯ ಹೆಣ್ಣುಮಗಳ ವಿಷಯ ಹೇಳಿದೆ. ಒಂದು ದಿನ ತಡ ಆಗಿದ್ದು, ನಾನು ಏಣಿಯ ಮೇಲಿಂದ ತಲೆ ಬಗ್ಗಿಸದೆ ಆಡಿದ ಮಾತು, ಚೀಲ ಬಿಟ್ಟು ಹೋದದ್ದು, ಎಲ್ಲ.

ನರ್ಸಮ್ಮ ಎದ್ದೇಬಿಟ್ಟರು. "ನಾನು ಹೋಗ್ತೀನಿ. ಆ ಊರು ನಂಗೆ ಗೊತ್ತು. ನೀವು ಗೋಡೆ ಮುಗಿಸ್ರಿ."

ಎಷ್ಟು ಸುಲಭವಾಗಿತ್ತು! ಒಪ್ಪಿಕೊಂಡಿದ್ದರೆ ಅವರು ಹೋಗಿ ನನಗಿಂತ ಚೆನ್ನಾಗಿ ಹೇಳಿ ಬರುತ್ತಿದ್ದರು. ಏಣಿಗೆ ಕೈ ಹಾಕಿದೆ. ಎರಡನೇ ಪದದ ಜಾಗ ಖಾಲಿ ಬಿದ್ದಿತ್ತು, ಬಣ್ಣದ ಡಬ್ಬ ಬಾಯಿ ತೆರೆದಿತ್ತು. ಅವರು ಹೋದರೆ ಆ ಮನೆಯವರಿಗೆ ಕಥೆ ಗೊತ್ತಾಗುತ್ತದೆ. ಪೇಂಟರು ತಿಳಿಯದೆ ಬುರುಡೆ ಬಿಟ್ಟ ಅನ್ನುವುದು ಗೊತ್ತಾಗುವುದಿಲ್ಲ. ದೊಡ್ಡವರಲ್ಲಿ ಒಬ್ಬರು ಒಂದು ಅರ್ಥ ಹೇಳಿದರು, ಇನ್ನೊಬ್ಬರು ಇನ್ನೊಂದು, ಅಂತ ಆಗುತ್ತದೆ. ಅವಳು ಎರಡರಲ್ಲಿ ಯಾವುದನ್ನು ನಂಬುತ್ತಾಳೆ? ತನ್ನ ಮೇಲೆ ತಪ್ಪು ಹೊರಿಸಿದ್ದನ್ನೇ.

"ಬ್ಯಾಡ್ರೀ," ಅಂದೆ. "ಹೇಳಿದ್ದು ನನ್ನ ಬಾಯಿ. ನಾನೇ ಹೋಗ್ಬೇಕು."

ಡಬ್ಬದ ಬಣ್ಣ ಕೆನೆ ಕಟ್ಟದಂತೆ ಮೇಲೆ ಟರ್ಪೆಂಟೈನ್ ಹನಿಸಿ ಮುಚ್ಚಿದೆ. ಬ್ರಷ್ಷು ತೊಳೆದೆ. ಕೆಲಸ ಅರ್ಧಕ್ಕೆ ಬಿಟ್ಟು ಹೊರಟದ್ದು ನನ್ನ ಕಸುಬಿನಲ್ಲಿ ಅದೇ ಮೊದಲು.

ದಾವಣಗೆರೆಗೆ ಬಸ್ಸು ಸಿಕ್ಕಿತು. ಅಲ್ಲಿಂದ ಹೊನ್ನಾಳಿ ಬಸ್ಸಿನ ಚಕ್ರ ದಾರಿಯಲ್ಲಿ ಪಂಕ್ಚರ್ ಆಗಿ, ಎಲ್ಲರೂ ಹುಣಸೆ ಮರದ ನೆರಳು ಹುಡುಕಿದರೆ ನಾನು ಕಂಡಕ್ಟರ ಹಿಂದೆ ಮುಂದೆ ಸುತ್ತುತ್ತಿದ್ದೆ. "ಏನ್ ಯಜಮಾನ್ರೇ, ಹೆರಿಗೆ ನೋವು ನಿಮಗೇ ಬಂದಂಗೈತಲ್ಲ!" ಅಂತ ಅವನು ರೇಗಿಸಿದ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿದೆ. ಪ್ರತಿ ಸಲವೂ ನಾನು ಸ್ವಲ್ಪ ಮರ್ಯಾದಸ್ಥನಾಗಿ ಉಳಿಯುವ ಹಾಗೆಯೇ ಜೋಡಣೆ ಆಗುತ್ತಿತ್ತು. ಯಾರೋ ನನಗೆ ತಪ್ಪು ಹೇಳಿದ್ದರು ಅನ್ನಲೇ? ಪುಸ್ತಕದಲ್ಲಿ ಹಾಗಿತ್ತು ಅನ್ನಲೇ?

ಹೊನ್ನಾಳಿಯಲ್ಲಿ ರಾತ್ರಿ ಕಳೆದು ಮಾರನೇ ದಿನ ಬೆಳಿಗ್ಗೆ ನ್ಯಾಮತಿಯ ಗಿರಣಿ ಮುಂದೆ ನಿಂತಿದ್ದೆ. ಜೋಳದ ಚೀಲ ಇನ್ನೂ ಅಲ್ಲೇ ಇತ್ತು.

"ಯಾರೂ ಬರ್ಲಿಲ್ರೀ," ಗಿರಣಿಯವರು ಅಂದರು. "ಆಕೆ ಅವತ್ತಿಂದ ಅನ್ನ ಮುಟ್ಟಿಲ್ವಂತೆ. ನಂದೇ ಪಾಪ ಅಂತ ಒಂದೇ ಮಾತಂತೆ. ನೀವ್ಯಾಕೆ ಮತ್ತೆ ಬಂದ್ರಿ? ಇನ್ನೇನು ಬಾಕಿ ಐತೆ ಹೇಳಾಕೆ?"

"ಮನೆ ತೋರಿಸ್ರಿ ಸಾಕು."

"ಪರಸ್ಥಳದ ಗಂಡಸು, ಗುರುತಿಲ್ಲ ಪರಿಚಯ ಇಲ್ಲ. ಏನಂತ ಹೋಗ್ತೀರಿ?"

ನನಗೂ ಹೊಳೆದಿರಲಿಲ್ಲ. ಚೀಲ ನೋಡಿದೆ. "ಇದನ್ನ ಬೀಸಿಕೊಡ್ರಿ. ಹಿಟ್ಟು ಕೊಡಾಕೆ ಬಂದೆ ಅಂತೀನಿ."

ನನ್ನ ಬಣ್ಣದ ಡಬ್ಬ ಹೊತ್ತವನೇ ಹೊರತು ಇನ್ನೊಬ್ಬರ ಹೊರೆ ನಾನು ಹೊತ್ತವನಲ್ಲ. ಬಿಸಿ ಹಿಟ್ಟಿನ ಚೀಲ ಹೆಗಲ ಮೇಲೆ ಇಟ್ಟುಕೊಂಡು ಅವರು ತೋರಿಸಿದ ಬೀದಿಗೆ ನಡೆದೆ. ಮನೆಯ ಕಟ್ಟೆಯ ಮೇಲೆ ಅವಳ ಗಂಡ ಕೂತಿದ್ದ. ಬಾಗಿಲ ಬಳಿ ಹಣೆಗೆ ಅಗಲವಾಗಿ ವಿಭೂತಿ ಹಚ್ಚಿದ ಮುದುಕಿ, ಅವಳ ಅತ್ತೆ, ಮೊರದಲ್ಲಿ ಕಾಳು ಆರಿಸುತ್ತಿದ್ದಳು. ಚೀಲ ಇಳಿಸಿದೆ.

"ಗಿರಣಿಯೋರು ಕಳಿಸಿದ್ರಾ?" ಗಂಡ ಕೇಳಿದ.

"ಇಲ್ಲ. ಗಿರಣಿ ಗೋಡೆ ಬರ್ದೋನು ನಾನು."

ಅವನು ಎದ್ದು ನಿಂತ. "ಓ, ನೀವಾ! ನಮ್ಮ ಮನೆ ತಪ್ಪು ಎಣಿಸಿ ಹೇಳ್ದೋರು ನೀವೇನಾ? ಇನ್ನೂ ಎಷ್ಟೈತೆ ಲೆಕ್ಕ?"

ಒಳಗೆ ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಅವಳು ಅಲ್ಲಿದ್ದಾಳೆ ಅಂತ ಗೊತ್ತಾಯಿತು. ಬಸ್ಸಿನಲ್ಲಿ ಜೋಡಿಸಿದ ಮಾತೆಲ್ಲ ಬಿಟ್ಟುಹೋಯಿತು.

"ಅವತ್ತು ನಾನು ಹೇಳಿದ್ದು ಸುಳ್ಳು," ಅಂದೆ. "ನಂಗೆ ಅದರ ಅರ್ಥ ಗೊತ್ತಿರ್ಲಿಲ್ಲ. ಓದಿದ್ದು ಐದನೇ ಕ್ಲಾಸು. ಗೊತ್ತಿಲ್ಲ ಅನ್ನಾಕೆ ನಾಚಿಕೆ ಆಗಿ, ಕಟ್ಟಿ ಹೇಳ್ದೆ. ಯಾವ ಪುಸ್ತಕದಾಗೂ ಅದು ಇಲ್ಲ, ಯಾವ ದೇವ್ರೂ ಹಂಗಂದಿಲ್ಲ."

ನಾನು ನಿಂತೇ ಕಥೆ ಹೇಳಿದೆ. ಗೆಳೆಯ, ಕಾಯಿಲೆ, ಹೇಳಿಕಳಿಸಿದ್ದು, ತಡವಾಗಿ ಬಂದದ್ದು. ಯಾರನ್ನೂ ಬಯ್ಯದೆ ಅತ್ತದ್ದು. ಸತ್ತವನು ಎದ್ದ ಭಾಗಕ್ಕೆ ಬಂದಾಗ ನಾಲಿಗೆ ತಡೆಯಿತು. ಈ ಮನೆಯಲ್ಲಿ ಅದನ್ನು ಹೇಗೆ ಹೇಳುವುದು? ಆದರೂ ಬಿಡಲಿಲ್ಲ. ಮತ್ತೆ ಕತ್ತರಿಸಿ ಹೇಳಿದರೆ ಅದೂ ಸುಳ್ಳಾಗುತ್ತಿತ್ತು.

ಒಳಗಿನಿಂದ ದನಿ ಬಂತು. "ಎಷ್ಟು ದಿನ ತಡ ಆಗಿತ್ತು?"

"ಸಮಾಧಿ ಮಾಡಿ ನಾಲ್ಕು ದಿನ ಆಗಿತ್ತಮ್ಮ."

"ತಡ ಮಾಡ್ದೋನೇ ಅತ್ನಾ?"

"ಅವನೇ."

ನನ್ನ ಕೆಲಸ ಮುಗಿಯಿತು, ಹೊರಡಬೇಕು ಅಂತ ಕಾಲು ಎತ್ತಿದೆ. ಆಗ ಮುದುಕಿಯ ಕೈಯಿಂದ ಮೊರ ಜಾರಿ ಕಾಳೆಲ್ಲ ಹೊಸ್ತಿಲಿಗೆ ಚೆಲ್ಲಿತು.

"ಆಕೆ ತಡ ಮಾಡ್ಲಿಲ್ಲ," ಅಂದಳು ಮುದುಕಿ. ಯಾರಿಗೆ ಹೇಳಿದಳೋ, ಮುಖ ನೆಲಕ್ಕಿತ್ತು. "ಕೂಸಿನ್ನ ಸೆರಗಾಗೆ ಸುತ್ಕಂಡು ಹೊರಟು ನಿಂತಿದ್ಲು. ಅಮಾಸೆ ದಿನ ಕೂಸಿನ್ನ ಊರ ಬಾಗ್ಲು ದಾಟಿಸ್ಬಾರ್ದು, ನಾಳೆ ಹೋಗು ಅಂತ ಬಾಗ್ಲಿಗೆ ಅಡ್ಡ ನಿಂತೋಳು ನಾನು."

ಗಂಡ ಬೆಚ್ಚಿ ತಾಯಿಯನ್ನು ನೋಡಿದ. ಅವನು ಆ ದಿನ ಊರಲ್ಲಿರಲಿಲ್ಲ ಅಂತ ಆಮೇಲೆ ತಿಳಿಯಿತು. ಮೂರು ತಿಂಗಳು ಊರೆಲ್ಲ ಅವಳನ್ನು ಅಂದಾಗಲೂ ಸೊಸೆ ಆ ಮಾತು ಎತ್ತಿರಲಿಲ್ಲ.

"ಊರೋರು ಈಕೆನ್ನ ಅಂದ್ರು. ನಾನು ಕೇಳ್ಕಂಡು ಸುಮ್ನಿದ್ದೆ. ಅತ್ರೆ ನನ್ ಬಾಯಿಂದ ಬಂದ್ಬಿಡ್ತತೆ ಅಂತ ಯಾರಿಗೂ ಅಳಾಕೆ ಬಿಡ್ಲಿಲ್ಲ ನಾನು," ಅನ್ನುತ್ತಾ ಮುದುಕಿ ಬಾಯಿಗೆ ಸೆರಗು ತುರುಕಿಕೊಂಡಳು. ತಡೆಯಲಾಗಲಿಲ್ಲ. ಆ ವಯಸ್ಸಿನವರು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಅವ್ವಾ, ಸುಮ್ನಿರು," ಗಂಡ ಹೆದರಿ ಅಂದ. "ಬೀದಿ ಜನ ಕೂಡ್ತಾರೆ, ಸುಮ್ನಿರು."

ಸೊಸೆ ಬಾಗಿಲ ಮರೆಯಿಂದ ಹೊರಗೆ ಬಂದಳು. ಹೊಸ್ತಿಲ ಕಾಳಿನ ಮೇಲೆಯೇ ಮುದುಕಿಯ ಪಕ್ಕ ಕೂತಳು.

"ಬಿಡ್ರಿ," ಅಂದಳು ಗಂಡನಿಗೆ. "ಅಳ್ಲಿ."

ಅಷ್ಟಂದು ಮುದುಕಿಯ ಹೆಗಲಿಗೆ ಹಣೆ ಕೊಟ್ಟಳು. ಅವಳ ಬೆನ್ನು ಅಲುಗುವುದು ಕಂಡಿತು, ದನಿ ಆಮೇಲೆ ಬಂತು. ಗಂಡ ಹಿಟ್ಟಿನ ಚೀಲದ ಪಕ್ಕ ಕುಸಿದು ಕೂತ. ನಾನು ಹೋಗಬೇಕೋ ಇರಬೇಕೋ ತಿಳಿಯದೆ ಕಟ್ಟೆಯ ತುದಿಗೆ ಕೂತೆ. ಬಿಸಿಲು ಕಟ್ಟೆಯಿಂದ ಇಳಿದು ಬೀದಿಗೆ ಹೋಗುವ ತನಕ ಆ ಮನೆಯಲ್ಲಿ ಯಾರೂ ಯಾರಿಗೂ ಸುಮ್ಮನಿರು ಅನ್ನಲಿಲ್ಲ.